ತಮ್ಮನನ್ನು ಕೊನೆಗೆ ನಡೆಸಲೇಬೇಕಾ?

ಪ್ರಶ್ನೆ: ಎಂಟು ವರ್ಷದ ಮಕ್ಕಳಿಗಾಗಿ ಕಥೆ ಬರೆದಿದ್ದೇನೆ. ಅಕ್ಕನಿಗೆ 9 ವರ್ಷ, ತಮ್ಮನಿಗೆ 6. ಅವನಿಗೆ ಸೆರೆಬ್ರಲ್ ಪಾಲ್ಸಿ (ಮೈಯ ಚಲನೆ ಹಿಡಿತಕ್ಕೆ ಸಿಗದ ತೊಂದರೆ), ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ. ಅಕ್ಕ ತುಂಬ ಪ್ರೀತಿಯಿಂದ ನೋಡಿಕೊಳ್ಳುತ್ತಾಳೆ. ಕೊನೆಗೆ ಶಾಲೆಯ ವಾರ್ಷಿಕೋತ್ಸವದ ದಿನ ಅವನು ಎದ್ದು ನಾಲ್ಕು ಹೆಜ್ಜೆ ನಡೆಯುತ್ತಾನೆ. ದೊಡ್ಡವರೆಲ್ಲ ಕಣ್ಣೀರು ಹಾಕಿದರು. ನನ್ನ ಮಗಳು ಮಾತ್ರ ಅರ್ಧಕ್ಕೇ ಎದ್ದು ಹೋದಳು. ಏನು ತಿದ್ದಲಿ?

ಉತ್ತರ: ಮಗಳು ಎದ್ದು ಹೋದ ಸಾಲಿಗೆ ಒಂದು ಗುರುತು ಹಾಕಿಡಿ. ಅದಕ್ಕೆ ಆಮೇಲೆ ಬರೋಣ.

ಮೊದಲು ಆ ನಾಲ್ಕು ಹೆಜ್ಜೆ. ಬೆಳೆಯುತ್ತಿರುವ ಮೆದುಳಿಗೆ ಪೆಟ್ಟಾದಾಗ ಸೆರೆಬ್ರಲ್ ಪಾಲ್ಸಿ ಬರುತ್ತದೆ. ಹೆಚ್ಚಾಗಿ ಹುಟ್ಟುವ ಮೊದಲೇ ಅಥವಾ ಹುಟ್ಟುವ ಹೊತ್ತಿಗೆ ಹೀಗಾಗಿರುತ್ತದೆ. ಫಿಸಿಯೋಥೆರಪಿಯಿಂದ ಅನುಕೂಲವಿದೆ, ಎಷ್ಟೋ ಮಕ್ಕಳು ನಡೆಯುತ್ತಾರೆ ಕೂಡ. ಆದರೆ ಅದು ವರ್ಷಗಟ್ಟಲೆ ಮಾಡುವ ಕೆಲಸ. ಅಕ್ಕನ ಪ್ರೀತಿಗೆ ವಾಸಿಯಾಗುವಂಥದ್ದಲ್ಲ. ಮನೆಯಲ್ಲಿ ಇಂಥ ತಮ್ಮನಿರುವ ಹುಡುಗಿ ಇದನ್ನು ಓದಿದರೆ, 'ನಾನು ಇನ್ನೂ ಜಾಸ್ತಿ ಪ್ರೀತಿ ಮಾಡಬೇಕಿತ್ತೇನೋ' ಅಂದುಕೊಳ್ಳುತ್ತಾಳೆ. ದಯವಿಟ್ಟು ಆ ಭಾರ ಅವಳ ತಲೆಗೆ ಕಟ್ಟಬೇಡಿ.

ಇನ್ನು ತಮ್ಮ. ಅವನು ಬರುವ ಸಾಲುಗಳಿಗೆಲ್ಲ ಪೆನ್ಸಿಲ್ ಗೆರೆ ಎಳೆಯಿರಿ. ಅವನನ್ನು ಎತ್ತುತ್ತಾರೆ, ಉಣಿಸುತ್ತಾರೆ, ತಳ್ಳುತ್ತಾರೆ. ಅವನೇ ಮಾಡುವುದೇನು? ಅವನಿಗೂ ಏನಾದರೂ ಬೇಕಾಗಲಿ. ಅಕ್ಕ ಮುಚ್ಚಿಟ್ಟ ಚಕ್ಕುಲಿ ಡಬ್ಬಿಯಾದರೂ ಸರಿ. ಮಾತು ತೊದಲಿದರೂ ಬುದ್ಧಿ ಚುರುಕಾಗಿರುವ ಮಕ್ಕಳು ಬೇಕಾದಷ್ಟಿದ್ದಾರೆ. ಮಾತೇ ಬಾರದ ಕೆಲವರು ಚಿತ್ರಗಳಿರುವ ಹಲಗೆಯ ಮೇಲೆ ಬೆರಳಿಟ್ಟು ಹೇಳುತ್ತಾರೆ. ಅವನು ಕತ್ತೆಯ ಚಿತ್ರದ ಮೇಲೆ ಬೆರಳಿಟ್ಟು, ಆಮೇಲೆ ಅಕ್ಕನ ಕಡೆ ತೋರಿಸಲಿ! ಮಕ್ಕಳು ನಗುತ್ತಾರೆ, ತಮ್ಮ ಅಂದರೆ ಹೀಗೇ ಅಲ್ವಾ?

ನಿಮ್ಮ ಕಥೆಯ ಅಕ್ಕನಿಗೆ ಸಿಟ್ಟೇ ಬರುವುದಿಲ್ಲ. ನನಗೆ ಜಾಸ್ತಿ ಚಿಂತೆಯಾಗಿದ್ದು ಇದಕ್ಕೇ. ತಮ್ಮನ ಥೆರಪಿಗೆ ಹೋಗಿದ್ದ ಅಮ್ಮ ಅವಳ ಡ್ಯಾನ್ಸ್ ನೋಡಲು ಬರಲಿಲ್ಲ ಅನ್ನಿ. ಅವತ್ತು ಅವಳು ಗಾಲಿಕುರ್ಚಿಗೆ ಬ್ರೇಕ್ ಹಾಕಿ, ತಮ್ಮನನ್ನು ಅಂಗಳದಲ್ಲೇ ಬಿಟ್ಟು ಆಡಲು ಹೋಗಲಿ. ಆಮೇಲೆ ಹೊಟ್ಟೆಯೊಳಗೆ ಸಂಕಟವಾಗಲಿ. 'ನನಗೂ ಹೀಗಾಗುತ್ತಾ? ನನ್ನಿಂದಲೇ ಆಯಿತಾ?' ಎಂದು ಒಳಗೊಳಗೇ ಹೆದರುವ ಮಕ್ಕಳಿದ್ದಾರೆ. ಅವಳೂ ಕೇಳಲಿ. ಇದು ಅಂಟುವುದಿಲ್ಲ, ಯಾರ ತಪ್ಪೂ ಅಲ್ಲ ಅಂತ ಅಮ್ಮ ಪಾತ್ರೆ ತೊಳೆಯುತ್ತಾ ಒಂದೇ ಮಾತಲ್ಲಿ ಹೇಳಿದರೆ ಸಾಕು. ಪಾಠ ಬೇಡ.

'ಪಾಪ', 'ದೇವರ ಮಗು' ಎರಡನ್ನೂ ಹೊಡೆದುಹಾಕಿ.

ತಿದ್ದಿದ ಮೇಲೆ ಇಂಥ ಮನೆಯ ಅಣ್ಣ, ಅಕ್ಕ ಯಾರಿಗಾದರೂ ಓದಿ ಹೇಳಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೂ ಓದಿ. ಸುಮ್ನೆ 'ಚೆನ್ನಾಗಿದೆ' ಅಂದರೆ ಬಿಡಬೇಡಿ, ಯಾವುದು ಸುಳ್ಳು ಅನ್ನಿಸಿತು ಅಂತ ಕೇಳಿ. ನಂತರ ನಿಮ್ಮ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗುರುತು ಹಾಕಿದ ಸಾಲಿಗಿಂತ ಒಂದು ಪುಟ ಹಿಂದಿನಿಂದ ಓದಲು ಶುರುಮಾಡಿ.