ಸಂಪಾದಕರ ಉತ್ತರ: ಕರಿಯ ಕುದುರೆಯ ಸವಾರನ ತಕ್ಕಡಿ

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಅವರ ಕ್ರೈಸ್ತ ಸಭೆಗೆ ಮೂರು ತಿಂಗಳಿಂದ ಹೊರಗಿನ ಬೋಧಕರೊಬ್ಬರು ಬಂದು ಕಡೇ ದಿನಗಳ ಕುರಿತು ಪ್ರಸಂಗ ಮಾಡುತ್ತಿದ್ದಾರಂತೆ. ಅದನ್ನು ಕೇಳಿದಾಗಿನಿಂದ ಇವರಿಗೆ ರಾತ್ರಿ ನಿದ್ದೆಯಿಲ್ಲ. ಬೈಬಲಿನ ಕಡೆಯ ಪುಸ್ತಕವಾದ ಪ್ರಕಟನೆ ಹೇಳುವ ಮೃಗದ ಗುರುತು ಆಧಾರ್ ಕಾರ್ಡೇ? ಮಹಾ ಸಂಕಟದಲ್ಲಿ ನಾನು ಕ್ರಿಸ್ತನನ್ನು ಅಲ್ಲಗಳೆದುಬಿಟ್ಟರೆ ಗತಿಯೇನು? ಗೂಢಚಾರರನ್ನು ಅಡಗಿಸಿಟ್ಟ ಬೈಬಲಿನ ರಾಹಾಬಳು ಸುಳ್ಳು ಹೇಳಿಯೂ ದೇವರ ಮೆಚ್ಚುಗೆ ಪಡೆದಳಲ್ಲವೇ, ಹಾಗಿದ್ದರೆ ಜೀವ ಉಳಿಸಿಕೊಳ್ಳಲು ನಾವೂ ಆಗ ಒಂದು ಸುಳ್ಳು ಹೇಳಬಹುದೇ? ಇವು ಅವರ ಪ್ರಶ್ನೆಗಳು. ಪತ್ರದ ಕಡೆಯಲ್ಲಿ ತಮ್ಮ ಕೆಲಸದ ಬಗ್ಗೆಯೂ ನಾಲ್ಕು ಸಾಲು ಬರೆದಿದ್ದಾರೆ. ಅಣ್ಣನೊಂದಿಗೆ ಸೇರಿ ಆಲೆಮನೆ ನಡೆಸುತ್ತಾರೆ. ಮಂಡಿಯವರು ಹಳದಿ ಬೆಲ್ಲವನ್ನೇ ಕೇಳುವುದರಿಂದ ಪಾಕಕ್ಕೆ ಸಕ್ಕರೆ ಸುರಿಯುತ್ತಾರೆ, ಬಣ್ಣ ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ‘ಎಲ್ಲರೂ ಮಾಡುವುದೇ, ಇದು ದೊಡ್ಡ ವಿಷಯವಲ್ಲ’ ಎಂದು ಬರೆದು ಸಹಿ ಮಾಡಿದ್ದಾರೆ.

ಪ್ರಿಯ ಸಹೋದರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಮೂರೂವರೆ ಪುಟಗಳಿಗೆ ಉತ್ತರ ಬರೆಯುವುದು ಕಷ್ಟವೆನಿಸಲಿಲ್ಲ. ಕಡೆಯ ನಾಲ್ಕು ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ನಿಮ್ಮ ನಿದ್ದೆಗೆಡಿಸಿದ ಪ್ರಶ್ನೆಗೆ ಉತ್ತರ ಆ ನಾಲ್ಕು ಸಾಲಿನಲ್ಲೇ ಇದೆಯೆಂದು ನನಗೆ ತೋರಿತು. ಅಲ್ಲಿಗೆ ಬರುತ್ತೇನೆ, ಸ್ವಲ್ಪ ತಾಳಿಕೊಳ್ಳಿ.

ಆಧಾರ್ ವಿಷಯವನ್ನು ಬೇಗ ಮುಗಿಸೋಣ. ಪ್ರಕಟನೆ 13ನೆಯ ಅಧ್ಯಾಯವನ್ನು ಬೋಧಕರ ಬಾಯಿಂದ ಕೇಳಿದ್ದೀರಿ, ಈಗ ನೀವೇ ನಿಧಾನವಾಗಿ ಓದಿ. ಅಲ್ಲಿ ಗುರುತು ಬರುವುದು ಆರಾಧನೆಯ ಜೊತೆಯಲ್ಲಿ. ಮೃಗದ ವಿಗ್ರಹಕ್ಕೆ ಅಡ್ಡಬೀಳುವುದು, ಅದರ ಗುರುತನ್ನು ಹಾಕಿಸಿಕೊಳ್ಳುವುದು, ಆಮೇಲೆ ಕೊಳ್ಳುವ ಮಾರುವ ಹಕ್ಕು ಪಡೆಯುವುದು, ಈ ಮೂರೂ ಒಂದೇ ಹಗ್ಗದ ಎಳೆಗಳು. ಪಡಿತರ ತರಲು ಹೋದವನು ಅರಿಯದೆ ಬೆರಳೊತ್ತಿ ಕ್ರಿಸ್ತನನ್ನು ಕಳೆದುಕೊಂಡ ಎಂಬ ಮಾತು ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ. 666 ಎಂಬ ಸಂಖ್ಯೆಯ ಬಗ್ಗೆ ಹೇಳುವುದಾದರೆ, ನೀರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಆ ಅಕ್ಷರಗಳ ಬೆಲೆ ಕೂಡಿಸಿದರೆ ಅಷ್ಟೇ ಬರುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದೂ ಇದೆ. ಆಸ್ಯ ಸೀಮೆಯ ಏಳು ಸಭೆಗಳವರು ಈ ಪುಸ್ತಕವನ್ನು ಕೇಳಿದಾಗ ಅವರ ಕಣ್ಣಮುಂದೆ ಇದ್ದದ್ದು ರೋಮಿನ ಚಕ್ರವರ್ತಿ. ಮುಂದೆ ಬರಲಿರುವ ಎದುರಾಳಿಯೊಬ್ಬನನ್ನು ಈ ಮಾತು ಸೂಚಿಸುತ್ತದೆಂದು ನಂಬುವ ದೇವಜನರು ಅನೇಕರಿದ್ದಾರೆ, ಅವರೊಂದಿಗೆ ನನಗೆ ಜಗಳವಿಲ್ಲ. ಆದರೆ ಕಾರ್ಡು ಹರಿದುಹಾಕಿ ಎಂದು ಬಡವರನ್ನು ಬೆದರಿಸುವವರೊಂದಿಗೆ ಜಗಳವಿದೆ.

ದಿನಾಂಕ ಹೇಳುವವರನ್ನೂ ನಂಬಬೇಡಿ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕರ್ತನು ಬರುತ್ತಾನೆಂದು ಕಾದರು. ಬೆಳೆಯನ್ನು ಹೊಲದಲ್ಲೇ ಬಿಟ್ಟವರೂ ಅವರಲ್ಲಿದ್ದರು. ಮರುದಿನ ಎಂದಿನಂತೆ ಸೂರ್ಯ ಹುಟ್ಟಿದ. ಆ ದಿನವನ್ನೂ ಗಳಿಗೆಯನ್ನೂ ತಂದೆಯೊಬ್ಬನೇ ಬಲ್ಲನೆಂದು ಕರ್ತನೇ ಹೇಳಿರುವಾಗ, ಬಲ್ಲೆವೆನ್ನುವುದು ಸುಳ್ಳು. ಅದನ್ನು ಭಕ್ತಿಯಿಂದ ಹೇಳಿದರೂ ಸುಳ್ಳೇ. ಮೊಬೈಲಿನಲ್ಲಿ ಬಂದದ್ದನ್ನು ವಿಚಾರಿಸದೆ ‘ಕಡೇ ದಿನಗಳ ಸೂಚನೆ’ ಎಂದು ಇನ್ನೊಬ್ಬರಿಗೆ ಕಳುಹಿಸುವುದೂ ಅದೇ ಜಾತಿಗೆ ಸೇರಿದ್ದು. ಈ ಮಾತನ್ನು ದೂರದಲ್ಲಿ ನಿಂತು ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಈ ಪತ್ರಿಕೆಯಲ್ಲಿ ನಾನೊಂದು ಸ್ವಸ್ಥತೆಯ ಸಾಕ್ಷಿಯನ್ನು ಪ್ರಕಟಿಸಿದೆ. ಓದುಗರಿಗೆ ಬಲ ಸಿಗುತ್ತದೆಂದು ಆತುರಪಟ್ಟೆ, ಒಬ್ಬರನ್ನೂ ವಿಚಾರಿಸಲಿಲ್ಲ. ಅದು ಉತ್ಪ್ರೇಕ್ಷೆಯೆಂದು ತಿಳಿದ ಮೇಲೂ ತಿದ್ದುಪಡಿ ಅಚ್ಚು ಹಾಕಲು ಮೂರು ತಿಂಗಳು ತಡಮಾಡಿದೆ. ಆ ಮೂರು ತಿಂಗಳು ಪ್ರತಿ ಭಾನುವಾರ ಸುಳ್ಳುಸಾಕ್ಷಿ ಹೇಳಬಾರದೆಂಬ ಒಂಬತ್ತನೆಯ ಆಜ್ಞೆಯನ್ನು ಕೇಳುತ್ತಾ ತಲೆ ತಗ್ಗಿಸಿ ಕುಳಿತಿದ್ದೆ.

ಇನ್ನು ನಿಮ್ಮ ಆಲೆಮನೆಗೆ ಬರುತ್ತೇನೆ.

13ನೆಯ ಅಧ್ಯಾಯ ಮುಗಿದ ಕೂಡಲೇ 14ರಲ್ಲಿ ಕುರಿಮರಿಯಾದ ಕ್ರಿಸ್ತನೊಂದಿಗೆ ಚೀಯೋನ್ ಪರ್ವತದ ಮೇಲೆ ನಿಂತವರು ಕಾಣುತ್ತಾರೆ. ಮೃಗದ ಗುರುತಿಗೆ ಬದಲಾಗಿ ಇವರ ಹಣೆಯ ಮೇಲೆ ತಂದೆಯ ಹೆಸರಿದೆ. ಇವರ ಲಕ್ಷಣಗಳನ್ನು ಹೇಳುತ್ತಾ, ಪ್ರಕಟನೆಯನ್ನು ಬರೆದ ಯೋಹಾನನು ಐದನೆಯ ವಚನದಲ್ಲಿ, ಇವರ ಬಾಯಲ್ಲಿ ಸುಳ್ಳು ಸಿಕ್ಕಲಿಲ್ಲ ಎನ್ನುತ್ತಾನೆ. ಕತ್ತಿಗೆ ಕೊರಳೊಡ್ಡಿದರೇ, ಕಾಡಿನಲ್ಲಿ ಅಡಗಿದರೇ ಎಂಬುದನ್ನು ಆ ಜಾಗದಲ್ಲಿ ಅವನು ಹೇಳುವುದಿಲ್ಲ. ಬೋಧಕರು 13ನ್ನು ಮೂರು ತಿಂಗಳು ಬೋಧಿಸಿದರಲ್ಲ, 14ರ ಐದನೆಯ ವಚನಕ್ಕೆ ಒಂದು ಸಂಜೆಯನ್ನಾದರೂ ಕೊಟ್ಟರೇ?

ಅದಕ್ಕೂ ಹಿಂದೆ, ಆರನೆಯ ಅಧ್ಯಾಯದಲ್ಲಿ ಸುರುಳಿಯ ಮೂರನೆಯ ಮುದ್ರೆ ಒಡೆದಾಗ ಕರಿಯ ಕುದುರೆಯೊಂದು ಹೊರಬರುತ್ತದೆ. ಅದರ ಸವಾರನ ಕೈಯಲ್ಲಿ ಕತ್ತಿಯಿಲ್ಲ, ತಕ್ಕಡಿಯಿದೆ. ಒಂದು ದಿನದ ಕೂಲಿಗೆ ಒಂದು ಸೇರು ಗೋಧಿ ಎಂಬ ಕೂಗು ಕೇಳಿಸುತ್ತದೆ. ದುಡಿದದ್ದೆಲ್ಲ ಒಬ್ಬನ ಹೊಟ್ಟೆಗೇ ಸರಿ, ಹೆಂಡತಿ ಮಕ್ಕಳಿಗೆ ಏನೂ ಉಳಿಯದು ಎಂದರ್ಥ. 18ನೆಯ ಅಧ್ಯಾಯದಲ್ಲಿ ಬಾಬೆಲ್ ಎಂಬ ಮಹಾನಗರ ಬಿದ್ದಾಗ ಗೋಳಾಡುವವರಲ್ಲಿ ವರ್ತಕರಿದ್ದಾರೆ. ಅವರ ಸರಕಿನ ಪಟ್ಟಿ ಚಿನ್ನದಿಂದ ಶುರುವಾಗಿ ಮನುಷ್ಯರ ಪ್ರಾಣಗಳಲ್ಲಿ ಮುಗಿಯುತ್ತದೆ. ಪ್ರಕಟನೆ ಗ್ರಂಥ ಇಷ್ಟೊಂದು ಸಲ ಸಂತೆಗೆ ಹೋಗುತ್ತದೆ, ಸಹೋದರರೇ. ಕಡೆಯ ಪರೀಕ್ಷೆ ಸಿಂಹದ ಬೋನಿನಲ್ಲೋ ನೇಣುಗಂಬದಲ್ಲೋ ನಡೆಯುತ್ತದೆಂದು ನೀವು ಕಲ್ಪಿಸಿಕೊಂಡಿದ್ದೀರಿ. ಯೋಹಾನನು ಅದನ್ನು ಕೊಳ್ಳುವ ಮಾರುವ ಜಾಗದಲ್ಲಿಯೂ ಕಂಡನು.

ಸಿಂಹದ ಬೋನು ಎಂದೆ. ದಾನಿಯೇಲನ ಆರನೆಯ ಅಧ್ಯಾಯದಲ್ಲಿ ನಾವು ಸಂಡೇ ಸ್ಕೂಲಿನ ಮಕ್ಕಳಿಗೆ ಸಿಂಹಗಳನ್ನು ಮಾತ್ರ ತೋರಿಸುತ್ತೇವೆ. ಮೊದಲ ನಾಲ್ಕು ವಚನಗಳನ್ನು ಹಾರಿಸಿಬಿಡುತ್ತೇವೆ. ರಾಜ ದಾರ್ಯಾವೆಷನು ರಾಜ್ಯಕ್ಕೆ 120 ಮಂದಿ ಅಧಿಕಾರಿಗಳನ್ನು ನೇಮಿಸಿ, ರಾಜನಿಗೆ ನಷ್ಟವಾಗದಂತೆ ಅವರಿಂದ ಲೆಕ್ಕ ತೆಗೆದುಕೊಳ್ಳಲು ಮೂವರನ್ನು ಇಟ್ಟ. ಆ ಮೂವರಲ್ಲಿ ದಾನಿಯೇಲ ಒಬ್ಬ. ಅಂದರೆ ಅವನು ಲೆಕ್ಕ ನೋಡುವವನು. ಹಗೆಗಳು ಅವನನ್ನು ಕೆಡವಲು ಮೊದಲು ಹುಡುಕಿದ್ದು ಅವನ ಪ್ರಾರ್ಥನೆಯನ್ನಲ್ಲ, ಅವನ ಕಡತಗಳನ್ನು. ಎಷ್ಟು ಕೆದಕಿದರೂ ಒಂದು ತಪ್ಪೂ ಒಂದು ಅಕ್ರಮವೂ ಸಿಗಲಿಲ್ಲ, ಏಕೆಂದರೆ ಅವನು ನಂಬಿಗಸ್ತನಾಗಿದ್ದ. ಬೇರೆ ದಾರಿಯಿಲ್ಲದೆ ಅವನ ದೇವರ ಧರ್ಮದ ವಿಷಯಕ್ಕೆ ಕೈಹಾಕಿ, ಅವನನ್ನು ಸಿಂಹಗಳ ಬೋನಿಗೆ ಹಾಕಿಸಿದರು. ಅವನ ಲೆಕ್ಕದಲ್ಲಿ ಒಂದು ಸುಳ್ಳು ರಸೀದಿ ಸಿಕ್ಕಿದ್ದರೆ ಬೋನಿನ ಬಾಗಿಲು ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಕಳ್ಳ ಅಧಿಕಾರಿಯೊಬ್ಬ ಕೆಲಸ ಕಳೆದುಕೊಂಡ, ಅಷ್ಟಕ್ಕೇ ಕಥೆ ಮುಗಿಯುತ್ತಿತ್ತು.

ನಿಮ್ಮ ಕೊಪ್ಪರಿಗೆಯ ಮುಂದೆ ಇಂಥ ಹುಡುಕಾಟ ನಡೆದರೆ ಏನು ಸಿಗುತ್ತದೆ?

ಕಟುವಾಗಿ ಕೇಳಿದೆನೆಂದು ಬೇಸರಪಡಬೇಡಿ. ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಹೈಡ್ರೋಸ್ ಹಾಕದ ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ, ಮಂಡಿಯಲ್ಲಿ ಅದನ್ನು ನೋಡಿ ಮೂಗು ಮುರಿದು ಬೆಲೆ ಇಳಿಸುತ್ತಾರೆ. ಕಬ್ಬು ಕೊಟ್ಟ ರೈತನಿಗೆ, ಗಾಣದ ಮುಂದೆ ರಾತ್ರಿಯಿಡೀ ನಿಂತ ಕೂಲಿಯಾಳಿಗೆ ಹೇಳಿದ ದಿನ ಹಣ ಕೊಡಬೇಕು. ಸಕ್ಕರೆ ಅಗ್ಗವಾಗಿರುವಾಗ ಪಾಕಕ್ಕೆ ನಾಲ್ಕು ಚೀಲ ಸುರಿದರೆ ಲೆಕ್ಕ ಸರಿಹೋಗುತ್ತದೆ. ಮಂಡ್ಯ ಸೀಮೆಯ ಎಷ್ಟೋ ಆಲೆಮನೆಗಳು ಹೀಗೆಯೇ ಉಸಿರು ಹಿಡಿದುಕೊಂಡಿವೆ. ಆದರೂ ನೀವು ಮಾರುತ್ತಿರುವುದನ್ನು ಕೊಳ್ಳುವ ಬಾಣಂತಿ ಅದನ್ನು ಬೆಲ್ಲವೆಂದು ನಂಬಿ ಕೊಳ್ಳುತ್ತಾಳೆ. ಆ ಹಳದಿ ಬಣ್ಣ ನಿಲ್ಲುವುದಿಲ್ಲ, ದಿನ ಕಳೆದಂತೆ ಕಪ್ಪಾಗುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಳತೆ ಕುಗ್ಗಿಸಿ, ಬೆಲೆ ಹಿಗ್ಗಿಸಿ, ತಕ್ಕಡಿಯಲ್ಲಿ ಮೋಸಮಾಡಿ, ಜಳ್ಳನ್ನು ಗೋಧಿಯೆಂದು ಮಾರುವವರೆಂದು ಪ್ರವಾದಿ ಆಮೋಸನು ಬೈದದ್ದು ಸಬ್ಬತ್ತು ಯಾವಾಗ ಮುಗಿಯುತ್ತದೆಂದು ಕಾಯುತ್ತಿದ್ದ ದೇವಜನರನ್ನೇ.

ಮೃಗವು ನಿಮ್ಮನ್ನು ಕೇಳಲಿರುವುದು ಏನೆಂದು ಯೋಚಿಸಿ. ‘ಎಲ್ಲರೂ ಮಾಡುತ್ತಿದ್ದಾರೆ, ನೀನೂ ಮಾಡು, ಇಲ್ಲದಿದ್ದರೆ ನಿನ್ನ ಸರಕು ಮಾರಾಟವಾಗದು.’ ಈ ಮಾತನ್ನು ಮಂಡಿಯಲ್ಲಿ ನೀವು ಈಗಾಗಲೇ ಕೇಳಿದ್ದೀರಿ. ಒಪ್ಪಿಕೊಂಡೂ ಆಗಿದೆ. ಸ್ವಲ್ಪದರಲ್ಲಿ ನಂಬಿಗಸ್ತನಾದವನೇ ಬಹಳದರಲ್ಲಿಯೂ ನಂಬಿಗಸ್ತನು ಎಂದು ಕರ್ತನು ಹೇಳಿದ್ದು ಹಣದ ವಿಷಯ ಮಾತನಾಡುವಾಗಲೇ.

ರಾಹಾಬಳ ಪ್ರಶ್ನೆಗೆ ಬರೋಣ. ಮನೆಯೊಳಗೆ ಅಡಗಿದವರ ಜೀವ ಉಳಿಸಲು ಆಕೆ ಸುಳ್ಳಾಡಿದಳು. ಆಕೆಯ ನಂಬಿಕೆಯನ್ನು ದೇವರ ವಾಕ್ಯ ಹೊಗಳುತ್ತದೆ. ಆ ಮಾತು ಪಾಪವೇ ಅಲ್ಲವೇ ಎಂದು ಸಭೆಯ ಹಿರಿಯರು ಶತಮಾನಗಟ್ಟಲೆ ವಾದಿಸಿದ್ದಾರೆ. ಅವರಲ್ಲೊಬ್ಬನಾದ, ಹಳೆಯ ಕಾಲದ ಬಿಷಪ್ ಅಗಸ್ಟೀನನು ಯಾವ ಸುಳ್ಳನ್ನೂ ಒಪ್ಪದವನು. ತನ್ನ ಊರಾದ ತಗಾಸ್ಟೆಯ ಬಿಷಪ್ ಫಿರ್ಮುಸನ ಕಥೆಯನ್ನು ಅವನು ಬರೆದಿಟ್ಟಿದ್ದಾನೆ. ಚಕ್ರವರ್ತಿಯ ಆಳುಗಳು ಒಬ್ಬನನ್ನು ಹುಡುಕಿಕೊಂಡು ಬಂದಾಗ, ಅವನನ್ನು ಅಡಗಿಸಿಟ್ಟಿದ್ದ ಫಿರ್ಮುಸನು ‘ಸುಳ್ಳೂ ಹೇಳಲಾರೆ, ಅವನನ್ನು ತೋರಿಸಿಯೂ ಕೊಡಲಾರೆ’ ಎಂದ. ಚಿತ್ರಹಿಂಸೆ ಕೊಟ್ಟರೂ ಮಾತು ಬದಲಿಸಲಿಲ್ಲ. ಕಡೆಗೆ ಚಕ್ರವರ್ತಿಯೇ ಮೆಚ್ಚಿ, ಅಡಗಿದ್ದವನಿಗೆ ಕ್ಷಮೆ ಕೊಟ್ಟ. ಅಷ್ಟು ಎತ್ತರಕ್ಕೆ ಏರಲಾಗದೆ ನೆರೆಯವನ ಜೀವಕ್ಕಾಗಿ ತಡವರಿಸಿದವರ ಮೇಲೆ ಕಲ್ಲೆತ್ತಲು ನನ್ನ ಕೈ ಬರುವುದಿಲ್ಲ. ಆದರೆ ನೀವು ಕೇಳಿರುವುದು ನಿಮ್ಮ ಸ್ವಂತ ಜೀವ ಉಳಿಸಿಕೊಳ್ಳುವ ಸುಳ್ಳಿನ ಬಗ್ಗೆ. ಅದಕ್ಕೆ ರಾಹಾಬಳ ಮನೆಯಲ್ಲಿ ಜಾಗವಿಲ್ಲ.

ಅದರ ಉದಾಹರಣೆ ಬೇರೆ ಕಡೆ ಇದೆ. ಕ್ರಿ.ಶ. 250ರಲ್ಲಿ ಡೇಕಿಯಸ್ ಚಕ್ರವರ್ತಿಯ ಆಜ್ಞೆಯಂತೆ ಪ್ರತಿಯೊಬ್ಬರೂ ಅಧಿಕಾರಿಗಳ ಎದುರು ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕಾಯಿತು. ಈಜಿಪ್ಟಿನ ಮರಳಿನಲ್ಲಿ ಅಂಥ ಪಪೈರಸ್ ಪತ್ರಗಳು 40ಕ್ಕೂ ಹೆಚ್ಚು ಸಿಕ್ಕಿವೆ. ಕೆಲವು ಕ್ರೈಸ್ತರು ಬಲಿ ಅರ್ಪಿಸಲಿಲ್ಲ, ಲಂಚ ಕೊಟ್ಟು ಪತ್ರ ಮಾತ್ರ ಕೊಂಡರು. ಕೈ ಮೈಲಿಗೆಯಾಗಲಿಲ್ಲ, ಕಾಗದ ತಾನೇ ಎಂದುಕೊಂಡರು. ಕಾರ್ಥೇಜಿನ ಬಿಷಪ್ ಸಿಪ್ರಿಯಾನನು ಅದನ್ನು ಒಪ್ಪಲಿಲ್ಲ, ಮಾಡದ್ದನ್ನು ಮಾಡಿದೆನೆಂದು ಬರೆಸಿಕೊಂಡದ್ದೂ ಅಲ್ಲಗಳೆದದ್ದೇ ಎಂದ. ನಮ್ಮ ಕಾಲದ ಸುಳ್ಳು ಆದಾಯ ಪತ್ರ, ಸುಳ್ಳು ವಾಸಸ್ಥಳ ಪತ್ರಗಳನ್ನು ನೆನೆದಾಗಲೆಲ್ಲ ನನಗೆ ಆ ಪಪೈರಸ್ ತುಣುಕುಗಳು ನೆನಪಾಗುತ್ತವೆ.

ಆಗ ನಾನು ನಿಲ್ಲುತ್ತೇನೆಯೇ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ನಿಲ್ಲುತ್ತೀರೆಂದು ನಾನು ಮಾತು ಕೊಡಲಾರೆ. ಕೊಟ್ಟರೆ ಅದೂ ಸುಳ್ಳಾದೀತು. ಸ್ಮುರ್ನ ಪಟ್ಟಣದಲ್ಲಿ ಅಲ್ಲಿನ ಬಿಷಪ್ ಪಾಲಿಕಾರ್ಪನು ನಂಬಿಕೆಗಾಗಿ ಸುಡಲ್ಪಟ್ಟ ದಿನಗಳಲ್ಲಿ ಫ್ರುಗ್ಯದ ಕ್ವಿಂಟಸ್ ಎಂಬವನು ತಾನಾಗಿಯೇ ಮುಂದೆ ಬಂದು ಸಾಯಲು ಸಿದ್ಧನೆಂದ. ಕಾಡುಮೃಗಗಳನ್ನು ಕಂಡೊಡನೆ ಎದೆಗುಂದಿ ಬಲಿ ಅರ್ಪಿಸಿದ. ಪಾಲಿಕಾರ್ಪನಾದರೋ ಸ್ನೇಹಿತರ ಮಾತು ಕೇಳಿ ಹಳ್ಳಿಮನೆಯೊಂದಕ್ಕೆ ಹೋಗಿದ್ದ. ಹಿಡಿಯಲು ಬಂದವರಿಗೆ ಊಟ ಹಾಕಿಸಿ, ಪ್ರಾರ್ಥನೆಗೆ ಸಮಯ ಕೇಳಿ, ಎದ್ದು ಹೋದ. 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತನು ನನಗೆ ಒಂದು ಅನ್ಯಾಯವನ್ನೂ ಮಾಡಿಲ್ಲ ಎಂದ ಆ ಮುದುಕನ ಮಾತನ್ನು ನೀವು ಕೇಳಿರುತ್ತೀರಿ. ಆ 86 ವರ್ಷಗಳೇ ಅವನನ್ನು ಆ ಒಂದು ದಿನ ನಿಲ್ಲಿಸಿದವು.

ಬಿದ್ದರೆ? ನಿಮ್ಮ ಪಕ್ಕದ ಶ್ರೀರಂಗಪಟ್ಟಣವನ್ನೇ ನೋಡಿ. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಯಾಗಿ ಅಲ್ಲಿಗೆ ನಡೆಸಿಕೊಂಡು ಬಂದರು. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಇದನ್ನು ಇಂದು ಯಾರ ಮೇಲೋ ದ್ವೇಷ ಹೊತ್ತಿಸಲು ಬಳಸುವುದು ಆ ಸೆರೆಯಾಳುಗಳಿಗೆ ಮಾಡುವ ಅವಮಾನ. ಅವರಲ್ಲಿ ಅನೇಕರು ಒತ್ತಾಯಕ್ಕೆ ಮಣಿದು ನಂಬಿಕೆ ಬಿಟ್ಟರು. 1799ರ ನಂತರ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅಲ್ಲಿಗೆ ಬಂದು, ಹಾಗೆ ಬಿಟ್ಟವರನ್ನು ಮತ್ತೆ ಸಭೆಗೆ ಸೇರಿಸಿಕೊಂಡರು. ಸಿಪ್ರಿಯಾನನ ಕಾಲದಲ್ಲೂ 251ರಲ್ಲಿ ಬಿಷಪರು ಕೂಡಿ, ಪಶ್ಚಾತ್ತಾಪಪಟ್ಟು ಬಂದವರಿಗೆ ಬಾಗಿಲು ಮುಚ್ಚಬಾರದೆಂದು ತೀರ್ಮಾನಿಸಿದರು. ತನ್ನನ್ನು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನಿಗೆ ಕರ್ತನು ಸಮುದ್ರದ ದಡದಲ್ಲಿ ಮೀನು ಸುಟ್ಟು ಕೊಟ್ಟನು.

ಈಗ ನಿಮ್ಮ ಅಣ್ಣನ ವಿಷಯ. ಅವರೊಂದಿಗೆ ಜಗಳಕ್ಕೆ ಇಳಿಯಬೇಡಿ, ಈ ಉತ್ತರವನ್ನು ಎದುರಿಗಿಟ್ಟು ಬೋಧನೆಯನ್ನೂ ಮಾಡಬೇಡಿ. ವಾರಕ್ಕೆ ಒಂದು ಕೊಪ್ಪರಿಗೆಯನ್ನು ಮಾತ್ರ ನನಗೆ ಬಿಡಿ ಎಂದು ಕೇಳಿ. ಅದಕ್ಕೆ ಸಕ್ಕರೆ ಬೇಡ, ಹೈಡ್ರೋಸ್ ಬೇಡ. ನಿಮ್ಮ ತಾತನ ಕಾಲದವರು ಬೆಂಡೆ ಗಿಡದ ಲೋಳೆಯಿಂದಲೇ ಕೊಳೆ ತೆಗೆಯುತ್ತಿದ್ದರು, ಅದು ನಿಮಗೆ ಹೊಸ ವಿದ್ಯೆಯಲ್ಲ. ಮಳೆಗಾಲದಲ್ಲಿ ಅಂಥ ಬೆಲ್ಲ ಬೇಗ ನೀರೊಡೆಯುತ್ತದೆ, ಕೊಳ್ಳುವವರಿಗೆ ಅದನ್ನೂ ಹೇಳಿಯೇ ಮಾರಿ. ಉಳಿದ ಕೊಪ್ಪರಿಗೆಗಳಲ್ಲಿ ಸಕ್ಕರೆ ಬೆರೆತಿರುವವರೆಗೆ, ಕೇಳಿದವರಿಗೆ ಇಲ್ಲವೆನ್ನಬೇಡಿ. ಒಂದು ವರ್ಷ ನಷ್ಟವಾಗಬಹುದು. ಹೆಚ್ಚೂ ಆಗಬಹುದು. ಆ ಕಷ್ಟದಲ್ಲಿ ನಿಮ್ಮ ಸಭೆಯವರು ನಿಮ್ಮ ಜೊತೆ ನಿಲ್ಲಬೇಕೆಂದು ನಿಮ್ಮ ಸಭಾಪಾಲಕರಿಗೆ ಪ್ರತ್ಯೇಕವಾಗಿ ಬರೆಯಲು ನಾನು ಸಿದ್ಧ, ನೀವು ಒಪ್ಪಿದರೆ ಮಾತ್ರ.

ಮುಂದಿನ ತಿಂಗಳು ಎರಡನೆಯ ವಾರ ನಾನು ಮೈಸೂರಿನಿಂದ ಆ ಕಡೆ ಬರುವುದಿದೆ. ಬೆಳಿಗ್ಗೆ ಕೊಪ್ಪರಿಗೆ ಇಳಿಸುವ ಹೊತ್ತಿಗೆ ನಿಮ್ಮಲ್ಲಿಗೆ ಬರುತ್ತೇನೆ. ಆ ಕಂದು ಬೆಲ್ಲದಲ್ಲಿ ಐದು ಕಿಲೋ ನನಗೆ ತೆಗೆದಿಡಿ. ಬೆಲೆ ಎಷ್ಟೆಂದು ಮೊದಲೇ ತಿಳಿಸಿ. ಸಹೋದರನೆಂದು ಕಡಿಮೆ ಮಾಡಬೇಡಿ.