ಅಮ್ಮನ ರಕ್ತದ ರಿಪೋರ್ಟಿನಲ್ಲಿ ಎನ್‌ಎಲ್‌ಆರ್ 7 ಬಂದಿದೆ, ಎಷ್ಟು ಭಯಪಡಬೇಕು?

ಅಮ್ಮನಿಗೆ ಸ್ತನ ಕ್ಯಾನ್ಸರ್ ಮೂಳೆಗೂ ಲಿವರ್‌ಗೂ ಹರಡಿದೆ, ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ನಡೀತಿದೆ ಅಂತ ಬರೆದಿದ್ದೀರಿ. ರಿಪೋರ್ಟಿನಲ್ಲಿ ಬಿಳಿ ರಕ್ತಕಣಗಳ ಪೈಕಿ ನ್ಯೂಟ್ರೋಫಿಲ್ ಶೇ. 84, ಲಿಂಫೋಸೈಟ್ ಶೇ. 12 ಇದೆ; ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಎನ್‌ಎಲ್‌ಆರ್. ನೀವೇ ಭಾಗಿಸಿ 7 ಅಂತ ಲೆಕ್ಕ ತೆಗೆದು, ಆಮೇಲೆ ಇದು ಜಾಸ್ತಿ ಇದ್ದರೆ ಆಯಸ್ಸು ಕಡಿಮೆ ಅಂತ ನೆಟ್‌ನಲ್ಲಿ ಓದಿ ನಿದ್ದೆ ಕೆಡಿಸಿಕೊಂಡಿದ್ದೀರಿ. ನಾನು ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುವ ಡಾಕ್ಟರ್. ನನಗೆ ಮೊದಲು ಗೊತ್ತಾಗಬೇಕಾದದ್ದು ಒಂದೇ: ಆ ರಕ್ತ ತೆಗೆದದ್ದು ಯಾವಾಗ?

ಪ್ಯಾಕ್ಲಿಟ್ಯಾಕ್ಸೆಲ್ ಹಾಕುವ ಮೊದಲು ಅಲರ್ಜಿ ಆಗದಿರಲಿ ಅಂತ ಡೆಕ್ಸಾಮೆಥಾಸೋನ್ ಕೊಡುತ್ತಾರೆ, ಅಲ್ವಾ? ಅದು ಸ್ಟಿರಾಯ್ಡ್. ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಅದರಿಂದ ಬಿಟ್ಟುಕೊಂಡು ರಕ್ತದ ಹರಿವಿಗೆ ಬರುತ್ತವೆ, ಲಿಂಫೋಸೈಟ್ ಇಳಿಯುತ್ತದೆ. ಗೆಡ್ಡೆ ಚೂರೂ ಬೆಳೆಯದೆ, ಕೆಲವೇ ಗಂಟೆಗಳಲ್ಲಿ 3 ಇದ್ದದ್ದು 7 ಆಗಬಹುದು. ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್, ಮೂತ್ರದ ಸೋಂಕು, ಇವೂ ಏರಿಸುತ್ತವೆ. ಉಲ್ಟಾ ಕೂಡ ಇದೆ. ಸ್ತನ ಕ್ಯಾನ್ಸರ್‌ನ ಪಾಲ್ಬೋಸೈಕ್ಲಿಬ್ ಮಾತ್ರೆ ತಗೊಳ್ಳುವವರಲ್ಲಿ ನ್ಯೂಟ್ರೋಫಿಲ್ ಕುಸಿದು ಈ ಲೆಕ್ಕ ಸುಮ್ನೆ ಚೆನ್ನಾಗಿ ಕಾಣುತ್ತದೆ. ಅದನ್ನು ನೋಡಿ ಖುಷಿಪಡೋದೂ ದಂಡ.

ಹಾಗಂತ ನೀವು ಓದಿದ್ದು ಸುಳ್ಳಲ್ಲ. ಬೇರೆ ಬೇರೆ ಗೆಡ್ಡೆ ಕ್ಯಾನ್ಸರ್‌ಗಳ 100 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ವಿಶ್ಲೇಷಣೆ 2014ರಲ್ಲಿ ಬಂತು, 40,000ಕ್ಕೂ ಹೆಚ್ಚು ರೋಗಿಗಳು. ಎನ್‌ಎಲ್‌ಆರ್ ಜಾಸ್ತಿ ಇದ್ದವರ ಗುಂಪು ಒಟ್ಟಾರೆ ಕಡಿಮೆ ಕಾಲ ಬದುಕಿತ್ತು. ಕಾರಣವೂ ಅರ್ಥವಾಗುವಂಥದ್ದೇ. ಗೆಡ್ಡೆಯ ಸುತ್ತ ಉರಿಯೂತ ಇದ್ದರೆ ಐಎಲ್-6 ತರಹದ, ಉರಿಯೂತದ ಸಂದೇಶ ಸಾಗಿಸುವ ವಸ್ತುಗಳು ರಕ್ತಕ್ಕೆ ಬರುತ್ತವೆ. ಲಿವರ್ ಸಿಆರ್‌ಪಿ ಅನ್ನುವ, ಉರಿಯೂತ ತೋರಿಸುವ ಪ್ರೋಟೀನ್ ತಯಾರಿಸುತ್ತದೆ, ಮೂಳೆಮಜ್ಜೆ ನ್ಯೂಟ್ರೋಫಿಲ್ ಹೊರಬಿಡುತ್ತದೆ. ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಕಣಕ್ಕೆ ನ್ಯೂಟ್ರೋಫಿಲ್ ಜೊತೆಯಾದರೆ ಆ ಕಣ ಇನ್ನೂ ಚುರುಕಾಗಿ ವಿಭಜನೆ ಆಗುತ್ತದೆ ಅಂತ 2019ರಲ್ಲಿ ತೋರಿಸಿದ್ದಾರೆ. ಆದರೆ ಗುಂಪಿನ ಲೆಕ್ಕ ಇಟ್ಟುಕೊಂಡು ಒಬ್ಬರ ಆಯಸ್ಸು ಹೇಳಲು ನಾನಂತೂ ಒಪ್ಪಲ್ಲ.

ನನ್ನ ಕಣ್ಣು ಜಾಸ್ತಿ ಹೋಗೋದು ಸಿಆರ್‌ಪಿ ಮತ್ತು ರಕ್ತದ ಇನ್ನೊಂದು ಪ್ರೋಟೀನ್ ಆದ ಆಲ್ಬುಮಿನ್ ಕಡೆಗೆ. ಸಿಆರ್‌ಪಿ ಲೀಟರ್‌ಗೆ 10 ಮಿಲಿಗ್ರಾಂ ದಾಟಿ, ಆಲ್ಬುಮಿನ್ ಡೆಸಿಲೀಟರ್‌ಗೆ 3.5 ಗ್ರಾಂಗಿಂತ ಕೆಳಗಿದ್ದು, ತೂಕವೂ ಇಳಿಯುತ್ತಿದ್ದರೆ, ಸೋಂಕೂ ಇಲ್ಲದಿದ್ದರೆ, ಆಗ ನಾನು ಸ್ಕ್ಯಾನ್ ಬೇಗ ಮಾಡಿಸುತ್ತೇನೆ.

ಈ ನಂಬರ್ ನೋಡಿ ಔಷಧಿ ಬದಲಾಯಿಸಿ ಅಂತ ಡಾಕ್ಟರನ್ನು ಒತ್ತಾಯಿಸಬೇಡಿ. ಇದಕ್ಕಿಂತ ನೇರವಾದ ಪರೀಕ್ಷೆ, ರಕ್ತದಲ್ಲಿ ತಿರುಗುವ ಕ್ಯಾನ್ಸರ್ ಕಣಗಳನ್ನೇ ಎಣಿಸುವುದು. 7.5 ಎಂಎಲ್ ರಕ್ತದಲ್ಲಿ 5 ಅಥವಾ ಹೆಚ್ಚು ಸಿಕ್ಕರೆ ಕೆಟ್ಟ ಸೂಚನೆ ಅಂತ 2004ರಿಂದಲೇ ಗೊತ್ತು. ಮೊದಲ ಕೀಮೋ ಆದ ಮೇಲೂ ಅದು ಇಳಿಯದವರಿಗೆ ಬೇಗ ಕೀಮೋ ಬದಲಿಸಿ ನೋಡಿದರು. ಆಯಸ್ಸು ಹೆಚ್ಚಲಿಲ್ಲ.

ಮುಂದಿನ ಸಲ ಸ್ಟಿರಾಯ್ಡ್‌ಗೆ ಮೊದಲೇ ರಕ್ತ ತೆಗೆಯಲು ಆಗುತ್ತದಾ ಅಂತ ಕೇಳಿ, ಹಳೆಯ ಮೂರು ನಾಲ್ಕು ರಿಪೋರ್ಟ್ ಪಕ್ಕದಲ್ಲಿಟ್ಟು ತೋರಿಸಿ. ಕೀಮೋ ನಡುವೆ ಜ್ವರ 38 ಡಿಗ್ರಿ ದಾಟಿದರೆ ಮಾತ್ರ ಯಾವ ಲೆಕ್ಕವನ್ನೂ ಹಾಕುತ್ತಾ ಕೂರಬೇಡಿ. ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.