ಸಿಂಧನೂರಿನಾಗ ಮನಿ ಹಿಂದ ಸ್ವಿಮ್ಮಿಂಗ್ ಪೂಲ್ ಕಟ್ಟಿಸ್ಬೇಕು, ಚಳಿಗಾಲಕ್ಕ ನೀರು ಖಾಲಿ ಮಾಡ್ಬೇಕಾಗತೈತೇನು?

ನೀವು ಕೇಳಿರೋದು ಇಷ್ಟು: ಮನಿ ಹಿಂದ ಎರಿ ಮಣ್ಣಿನ ಜಾಗ ಐತಿ, 26 ಅಡಿ ಉದ್ದ 13 ಅಡಿ ಅಗಲದ ಪೂಲ್ ಬೇಕು, ನೀರಿಗೆ ಬೋರ್ ಐತಿ, ಆದ್ರ ಹೊರದೇಶದವರ ವಿಡಿಯೋದಾಗ ಚಳಿಗಾಲ ಬಂತಂದ್ರ ನೀರು ಇಳಿಸಿ, ಪೈಪಿಗೆ ಗಾಳಿ ಊದಿ, ಮ್ಯಾಲ ತಾಡಪಲ್ ಹಾಕಿ ಬಂದ್ ಮಾಡ್ತಾರ, ನಾವೂ ಹಂಗ ಮಾಡ್ಬೇಕಾ ಅಂತ. ನಾನು ಗಂಗಾವತಿ ಕಡಿಯಾವ, ಸಿವಿಲ್ ಕೆಲಸ ಮಾಡಸ್ತೀನಿ, ತೋಟದ ಮನಿಗೋಳಿಗೆ ಪೂಲ್ ಕಟ್ಟಿಸೀನಿ, ನಿಮ್ಮ ಮಣ್ಣು ನಮ್ಮ ಮಣ್ಣು ಒಂದೇ. ಮೊದ್ಲು ನೇರವಾಗಿ ಹೇಳಿಬಿಡ್ತೀನಿ: ಖಾಲಿ ಮಾತ್ರ ಮಾಡಬ್ಯಾಡ್ರಿ. ಚಳಿಗಾಲ ಅಷ್ಟೇ ಅಲ್ಲ, ಮಳಿಗಾಲ, ಕಾಲುವಿ ನೀರು ಬಿಟ್ಟಿರೋ ಕಾಲ, ಯಾವಾಗ್ಲೂ ಪೂಲ್ ತುಂಬೇ ಇರ್ಲಿ.

ಅವರು ಯಾಕ ಹಂಗ ಮಾಡ್ತಾರಂದ್ರ ಅಲ್ಲಿ ನೀರು ಗಡ್ಡಿ ಕಟ್ಟತೈತಿ, ನೀರು ಮಂಜುಗಡ್ಡಿ ಆಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗತೈತಿ, ಪೈಪಿನಾಗ ಪಂಪಿನಾಗ ನೀರು ನಿಂತಿದ್ರ ಒಡದು ಹೋಗ್ತಾವ, ಅದಕ್ಕ ಬ್ಲೋವರ್ ಹಚ್ಚಿ ಪೈಪ್ ಒಣಗಿಸಿ, ಬೂಚು ಬಡದು, ನೀರಿನ ಮಟ್ಟ ಸ್ಕಿಮ್ಮರ್ (ಮ್ಯಾಲ ತೇಲೋ ಕಸ ಎಳಕೊಳ್ಳೋ ಗೋಡಿ ಬಾಯಿ) ಕೆಳಗ ಇಳಸ್ತಾರ. ಅವರೂ ಸೈತ ಪೂಲ್ ಪೂರ್ತಿ ಖಾಲಿ ಮಾಡಂಗಿಲ್ಲ, ಇದನ್ನ ಲಕ್ಷ ಕೊಟ್ಟು ನೋಡ್ರಿ. ನಮ್ಮಲ್ಲಿ ಡಿಸೆಂಬರ್ ಜನವರಿ ರಾತ್ರಿ ಎಷ್ಟೇ ಥಂಡಿ ಇದ್ರೂ ಸೊನ್ನೆ ಡಿಗ್ರಿ ಹತ್ರ ಸುಳಿಯಂಗಿಲ್ಲ, ಹಂಗಾಗಿ ಆ ಬ್ಲೋವರ್, ಆ ಆಂಟಿಫ್ರೀಜ್ (ಪೈಪಿನಾಗ ಗಡ್ಡಿ ಕಟ್ಟದಂಗ ಹಾಕೋ ದ್ರವ) ಯಾವುದೂ ನಮಗ ಬೇಕಾಗಿಲ್ಲ.

ನಮಗಿರೋ ಅಪಾಯ ಬ್ಯಾರೆ, ಅದು ಮಣ್ಣಿನ ಕೆಳಗ ಐತಿ. ತುಂಗಭದ್ರಾ ಎಡದಂಡಿ ಕಾಲುವಿಗೆ ನೀರು ಬಿಟ್ಟು ಸುತ್ತ ಭತ್ತ ನಾಟಿ ಆಯ್ತಂದ್ರ ನೆಲದಾಗಿನ ನೀರು ಮ್ಯಾಲ ಬರತೈತಿ, ಕೆಲವು ಕಡಿ ಮೂರು ನಾಕು ಅಡಿ ತೋಡಿದ್ರ ನೀರು ಒಸರತೈತಿ. ಆವಾಗ ಪೂಲ್ ಖಾಲಿ ಇದ್ರ ಅದು ಆನೆಗೊಂದಿ ಹೊಳ್ಯಾಗಿನ ಹರಿಗೋಲಿನಂಗ ತೇಲಾಕ ನೋಡತೈತಿ. ಲೆಕ್ಕ ಹಾಕ್ರಿ. ನಿಮ್ಮ ಪೂಲ್ ಒಳಗ 8 ಮೀಟರ್ × 4 ಮೀಟರ್, ಸರಾಸರಿ ಆಳ 1.3 ಮೀಟರ್, ಗೋಡಿ ಮತ್ತ ತಳ 20 ಸೆಂಟಿಮೀಟರ್ ದಪ್ಪ ಅಂತ ಹಿಡೀರಿ. ಕಾಂಕ್ರೀಟಿನ ತೂಕ ಸುಮಾರು 35 ಟನ್ ಆಗತೈತಿ. ಸುತ್ತ ನೀರು ಅಂಚಿನ ತನಕ ಬಂದ್ರ ಅದು ಕೆಳಗಿಂದ ಒತ್ತೋ ಬಲ ಸುಮಾರು 55 ಟನ್. ಒಳಗ 41-42 ಸಾವಿರ ಲೀಟರ್ ನೀರು ಇದ್ರ ಅದು ಇನ್ನ 41-42 ಟನ್ ಕೂಡಿಸಿ ಪೂಲನ್ನ ಕೆಳಗ ಕುಂದ್ರಸತೈತಿ, ಇಲ್ಲಂದ್ರ ಏಳತೈತಿ. ಕಾಲುವಿ ದಂಡಿ ಹತ್ರದ ಒಂದು ತೋಟದಾಗ ಚಲೋ ಕಟ್ಟಿದ ಪೂಲ್ ಒಂದು ಮೂಲಿ ಎದ್ದು, ಫಿಲ್ಟರಿನಿಂದ ನೀರು ವಾಪಸ್ ತರೋ ರಿಟರ್ನ್ ಪೈಪ್ ಎಲ್ಲಾ ಕಿತ್ತು ಹೋಗಿದ್ದು ನಾನು ನೋಡೇನಿ, ಸ್ವಚ್ಛ ಮಾಡಾಕಂತ ಮಳಿಗಾಲದಾಗ ನೀರು ತಗದಿದ್ರಂತ. ಹಂಗ ಒಮ್ಮೆ ಎದ್ದಿದ್ದನ್ನ ತಿರುಗಿ ಕುಂದ್ರಸಾಕ ಬರಂಗಿಲ್ಲರೀ.

ಅದಕ್ಕ ಪ್ಲಾನ್ ಮಾಡುವಾಗ್ಲೇ ಎರಡು ವಸ್ತು ಹಾಕಿಸ್ರಿ. ಒಂದು, ತಳದ ಮೇನ್ ಡ್ರೈನ್ ಗುಂಡಿಯೊಳಗ ಹೈಡ್ರೋಸ್ಟಾಟಿಕ್ ವಾಲ್ವ್, ಹೊರಗಿನ ನೀರಿನ ಒತ್ತಡ ಜಾಸ್ತಿ ಆದ್ರ ಅದು ತಾನಾ ತಗದು ನೀರು ಒಳಗ ಬಿಟ್ಟುಕೊಳ್ಳತೈತಿ. ಇನ್ನೊಂದು ಸೋವಿದು: ಪೂಲ್ ಪಕ್ಕದಾಗ ತಳಕ್ಕಿಂತ ಒಂದು ಅಡಿ ಕೆಳಗ ಹೋಗೋವಂಗ 4 ಇಂಚಿನ ಪಿವಿಸಿ ಪೈಪು, ಕೆಳಗಿನ ಭಾಗಕ್ಕ ತೂತು ಕೊರದು, ಸುತ್ತ ಜಲ್ಲಿ ತುಂಬಿ ನಿಂದ್ರಸ್ರಿ. ಒಂದು ಉದ್ದನ ಕೋಲು ಇಳಿಸಿದ್ರ ನೆಲದ ನೀರು ಎಲ್ಲೈತಿ ಅಂತ ಗೊತ್ತಾಗತೈತಿ. ಮುಂದ ಟೈಲ್ಸ್ ರಿಪೇರಿಗೆ ಖಾಲಿ ಮಾಡೋದೇ ಬಂತಂದ್ರ ಕಾಲುವಿ ಬಂದ್ ಆಗಿ ಕೆಲವು ವಾರ ಬಿಟ್ಟು, ಈ ಪೈಪಿನಾಗ ತಳದ ಮಟ್ಟಕ್ಕಿಂತ ನೀರು ಕೆಳಗ ಇಳದೈತಿ ಅಂತ ನೋಡಿಕೊಂಡು ಮಾಡ್ರಿ, ಅದೂ ಮೇ ತಿಂಗಳದ ಬಿಸಲಾಗ ಬ್ಯಾಡ, ಒಣಾ ಟೈಲ್ಸ್ ಕಾದು ಬಿಟ್ಟುಕೊಂಡು ಬರ್ತಾವ.

ಎರಿ ಮಣ್ಣಿನ ವಿಷಯ ನಿಮಗ ನಾನು ಹೇಳೋದೇನೈತಿ, ಬ್ಯಾಸಗ್ಯಾಗ ಕೈ ಹೋಗೋವಷ್ಟು ಬಿರಕು ಬಿಡತೈತಿ, ಮಳಿ ಬಂದ್ರ ಉಬ್ಬತೈತಿ. ಮ್ಯಾಲಿನ ಐದಾರು ಅಡ್ಯಾಗ ಈ ಆಟ ಜೋರು, ಪೂಲ್ ಕುಂದ್ರೋದೂ ಅಲ್ಲೇ. ಹಂಗಾಗಿ ಗುಂಡಿ ನಾಕೂ ಕಡಿ ಅಗಲ ಮಾಡಿ ತೋಡಿಸಿ, ಎರಿ ಮಣ್ಣು ಪೂರ್ತಿ ಹೊರಗ ಹಾಕಿಸಿ, ಗರಸು ತರಿಸಿ ಪದರ ಪದರ ನೀರು ಹೊಡದು ದಿಮ್ಮಸು ಮಾಡಿಸ್ರಿ, ತಗದ ಮಣ್ಣನ್ನೇ ಗೋಡಿ ಹಿಂದ ತುಂಬತೀನಿ ಅಂದ್ರ ಒಪ್ಪಬ್ಯಾಡ್ರಿ. ಇಟ್ಟಂಗಿ ಗೋಡಿ ಬ್ಯಾಡವೇ ಬ್ಯಾಡ, ಎಂ30 ದರ್ಜಿಯ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಬೇಕು, ನೀರು ಹಿಡಿಯೋ ಕಾಂಕ್ರೀಟಿಗೆ ಐಎಸ್ 3370 ಅಂತ ಕೋಡ್ ಐತಿ, ನಿಮ್ಮ ಇಂಜಿನಿಯರಿಗೆ ಆ ಪ್ರಕಾರ ಡಿಸೈನ್ ಕೊಡ್ರಿ ಅಂತ ಕೇಳ್ರಿ. ಟೈಲ್ಸ್ ಹಚ್ಚೋ ಮೊದ್ಲು ಒಂದು ವಾರ ನೀರು ನಿಂದ್ರಿಸಿ ಸೋರಿಕಿ ನೋಡಿ, ಆಮ್ಯಾಲ ಸುತ್ತ ಗರಸು ತುಂಬಿಸ್ರಿ. ಆಳ ನಾಕು, ನಾಕೂವರಿ ಅಡಿ ಸಾಕು, ಮನಿ ಪೂಲಿಗೆ ಡೈವ್ ಹೊಡೆಯೋ ಆಳ ಯಾತಕ್ಕ. ಬೇವಿನ ಗಿಡದಿಂದ ದೂರ ಇರ್ಲಿ, ಯುಗಾದಿ ಮುಂದ ಎಲಿ, ಆಮ್ಯಾಲ ಹೂವು ಉದುರಿ ಸ್ಕಿಮ್ಮರ್ ಬುಟ್ಟಿ ದಿನಾ ತುಂಬತೈತಿ.

ಸುತ್ತ ಓಡಾಡೋ ಜಾಗಕ್ಕ ಬಾಳ ಮಂದಿ ಶಹಾಬಾದ್ ಕಲ್ಲು ಹಾಕಸ್ತಾರ. ಹಾಕ್ರಿ, ಆದ್ರ ಅದು ಸುಣ್ಣದ ಕಲ್ಲು, ಪೂಲಿಗೆ ಹಾಕೋ ಆಸಿಡ್ ಬಿದ್ರ ನೊರಿ ಬಂದು ಕಲೆ ಕುಂದರತೈತಿ, ಆಸಿಡ್ ಕ್ಯಾನ್ ಅದರ ಮ್ಯಾಲ ಇಡಬ್ಯಾಡ್ರಿ. ಪಾಲಿಶ್ ಗ್ರಾನೈಟ್ ಅಂತೂ ಒದ್ದಿ ಕಾಲಿಗೆ ಜಾರತೈತಿ, ಹಾಕ್ಸೋದಾದ್ರ ಒರಟು ಮುಖದ್ದೇ ಹಾಕಿಸ್ರಿ.

ಈಗ ನೀರು. ಇದರಾಗ ನಮ್ಮ ಕಡಿ ಮಂದಿ ಬಾಳ ಕಷ್ಟ ಪಡ್ತಾರ, ಯಾಕಂದ್ರ ಬೋರಿನ ನೀರು ಗಡಸು. ಪೂಲ್ ನೀರಿನಾಗ ಕ್ಯಾಲ್ಸಿಯಂ ಹಾರ್ಡ್‌ನೆಸ್, ಅಂದ್ರ ಸುಣ್ಣದ ಗಡಸುತನ, 200 ರಿಂದ 400 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇದ್ರ ಚಲೋ, ನಮ್ಮಲ್ಲಿ ಎಷ್ಟೋ ಬೋರಿನಾಗ ಶುರುವಿಗೇ ಅದಕ್ಕಿಂತ ಜಾಸ್ತಿ ಇರತೈತಿ, ಮ್ಯಾಲ ಬಿಸಿಲು. 32 ಚದರ ಮೀಟರ್ ಪೂಲಿನಾಗ 1 ಮಿಲಿಮೀಟರ್ ಆವಿ ಆದ್ರ 32 ಲೀಟರ್, ಏಪ್ರಿಲ್ ಮೇ ತಿಂಗಳದಾಗ ದಿನಕ್ಕ 8 ಮಿಲಿಮೀಟರ್ ಹೋಯ್ತು ಅಂತ ಹಿಡಿದ್ರ 250 ಲೀಟರ್ ಮ್ಯಾಲೇ, ತಿಂಗಳಿಗೆ ಏಳೂವರಿ ಸಾವಿರ ಲೀಟರ್. ಆವಿ ಆಗೋದು ನೀರು ಮಾತ್ರ, ಸುಣ್ಣ ಉಪ್ಪು ಎಲ್ಲಾ ಒಳಗೇ ಉಳೀತಾವ, ನೀವು ಮತ್ತ ಅದೇ ಬೋರಿನ ನೀರು ತುಂಬ್ತೀರಿ, ಹಿಂಗ ಎರಡು ಬ್ಯಾಸಗಿ ಕಳೀತಂದ್ರ ಟೈಲ್ಸ್ ಅಂಚಿಗೆ ಬಿಳಿ ಪದರ ಕಟ್ಟಿ, ಫಿಲ್ಟರಿನ ಮರಳು ಗಟ್ಟಿ ಆಗತೈತಿ. ಬೋರಿನಾಗ ಕಬ್ಬಿಣದ ಅಂಶ ಇದ್ರ ಕ್ಲೋರಿನ್ ಹಾಕಿದ ಕೂಡ್ಲೇ ನೀರು ಕಂದು ಬಣ್ಣಕ್ಕ ತಿರುಗತೈತಿ.

ಇದಕ್ಕ ನಾನು ಕಂಡ ಚಲೋ ದಾರಿ ಮಾಳಗಿ ಮಳಿ ನೀರು. 100 ಚದರ ಮೀಟರ್ ಆರ್‌ಸಿಸಿ ಮಾಳಗಿ ಮ್ಯಾಲ 1 ಮಿಲಿಮೀಟರ್ ಮಳಿ ಬಿದ್ರ 100 ಲೀಟರ್, ನಮ್ಮ ಕಡಿ ವರ್ಷಕ್ಕ 600 ಮಿಲಿಮೀಟರ್ ಆಚೀಚಿ ಮಳಿ, ಅರ್ಧ ಹಿಡದ್ರೂ 30 ಸಾವಿರ ಲೀಟರ್ ಆಯ್ತು. ಆ ನೀರು ಮೆತ್ತಗಿನ ನೀರು, ಅದರಾಗ ಸುಣ್ಣ ಇರಂಗಿಲ್ಲ. ಮೊದ್ಲಿನ ಮಳಿ ಹೊರಗ ಬಿಟ್ಟು, ಆಮ್ಯಾಲಿಂದು ಮರಳು ಜಲ್ಲಿ ಸೋಸುಗುಂಡಿ ಹಾಯಿಸಿ ಪೂಲಿಗೆ ಬಿಡೋವಂಗ ಪೈಪ್ ಈಗ್ಲೇ ಹಾಕಿಸ್ರಿ, ಜಾಸ್ತಿ ಆಗಿದ್ದು ಓವರ್‌ಫ್ಲೋದಾಗ ಹೋಗತೈತಿ, ಹೋಗುವಾಗ ಹಳೇ ಗಡಸು ನೀರನ್ನೂ ತಗೊಂಡು ಹೋಗತೈತಿ. ಖಾಲಿ ಮಾಡ್ದನೇ ನೀರು ಬದಲಿ ಆದಂಗ ಆಗತೈತಿ.

ಕ್ಲೋರಿನ್ನಿಗೆ ಬ್ಲೀಚಿಂಗ್ ಪೌಡರ್ ಸೋವಿ ಸಿಗತೈತಿ ಅಂತ ಎಲ್ಲಾರೂ ಅದನ್ನೇ ಹಾಕ್ತಾರ, ಆದ್ರ ಅದರಾಗ ಇರೋದೇ ಸುಣ್ಣ, ಮದಲೇ ಗಡಸು ನೀರಿಗೆ ಅದು ಬ್ಯಾಡ. ನಿಮ್ಮ ಪೂಲಿಗೆ 1 ಪಿಪಿಎಂ ಏರಿಸಾಕ 42 ಗ್ರಾಂ ಕ್ಲೋರಿನ್ ಬೇಕು, ಅಂದ್ರ 10 ಪರ್ಸೆಂಟಿನ ಲಿಕ್ವಿಡ್ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ದ್ರವ) ಸುಮಾರು 420 ಎಂಎಲ್, ಇಲ್ಲಾ ಟಿಸಿಸಿಎ 90 (90 ಪರ್ಸೆಂಟ್ ಕ್ಲೋರಿನ್ ಕೊಡೋ ಪುಡಿ ಇಲ್ಲಾ ಗುಳಗಿ) ಸುಮಾರು 46 ಗ್ರಾಂ. ಟಿಸಿಸಿಎದಾಗ ಸಯನ್ಯೂರಿಕ್ ಆಸಿಡ್ ಇರತೈತಿ, ಅದು ಬಿಸಲಿನಿಂದ ಕ್ಲೋರಿನ್ ಕಾಪಾಡತೈತಿ, ಅದಿಲ್ಲಂದ್ರ ನಮ್ಮ ಬಿಸಲಾಗ ಬೆಳಗ್ಗೆ ಹಾಕಿದ್ದು ಮಧ್ಯಾಹ್ನಕ್ಕ ಖಲಾಸ್. ಆದ್ರ ಅದೂ ಆವಿ ಆಗ್ದನ ಒಳಗೇ ಕೂಡತೈತಿ, ದಿನಾ ಟಿಸಿಸಿಎದಿಂದ 2 ಪಿಪಿಎಂ ಕ್ಲೋರಿನ್ ಏರಿಸಿದ್ರ ತಿಂಗಳಿಗೆ ಸುಮಾರು 36 ಪಿಪಿಎಂ ಸಯನ್ಯೂರಿಕ್ ಏರತೈತಿ, ಬೇಕಾಗಿದ್ದು 30 ರಿಂದ 50 ಅಷ್ಟೇ, ಅದನ್ನ ದಾಟಿ ಬಾಳ ಏರಿತಂದ್ರ ಕ್ಲೋರಿನ್ ಇದ್ರೂ ಕೆಲಸ ಮಾಡಂಗಿಲ್ಲ, ಪಾಚಿ ಕಟ್ಟತೈತಿ. ಹಂಗಾಗಿ ಶುರುವಿಗೆ ಟಿಸಿಸಿಎ, 40 ಮುಟ್ಟಿದ ಮ್ಯಾಲ ಲಿಕ್ವಿಡ್ ಹೈಪೋ, ಅದೂ ಹೊತ್ತು ಮುಳುಗಿದ ಮ್ಯಾಲ, ಪಂಪ್ ಚಾಲೂ ಇಟ್ಟು. ಫ್ರೀ ಕ್ಲೋರಿನ್ 1 ರಿಂದ 3, ಪಿಎಚ್ 7.2 ರಿಂದ 7.8, ನಮ್ಮ ನೀರಿಗೆ 7.4 ಹತ್ರ ಇಟ್ರ ಬಿಳಿ ಪದರ ಕಮ್ಮಿ.

ಇದೊಂದು ಮಾತ್ರ ಮನಿ ಆಳಿಗೂ ಕುಂದ್ರಿಸಿ ಹೇಳ್ರಿ: ಟಿಸಿಸಿಎ ಮತ್ತ ಬ್ಲೀಚಿಂಗ್ ಪೌಡರ್ ಒಂದೇ ಡಬ್ಯಾಗ, ಒಂದೇ ಚಮಚದಾಗ ಕೂಡಬಾರ್ದು, ಬೆಂಕಿ ಹತ್ತತೈತಿ, ಸಿಡೀತೈತಿ. ಆಸಿಡ್ ಮತ್ತ ಹೈಪೋ ಕೂಡಿದ್ರ ವಿಷದ ಗಾಳಿ ಬರತೈತಿ. ಹಂಗ ಕೂಡಬಾರದವನ್ನ ಬ್ಯಾರೆ ಬ್ಯಾರೆ ಖೋಲ್ಯಾಗ ಇಡ್ರಿ.

ಪಂಪ್ 1 ಎಚ್‌ಪಿ ಸಾಕು, ದಿನಕ್ಕ ಆರು ತಾಸು ಓಡಿದ್ರ ನಾಕೂವರಿ ಯೂನಿಟ್ ಕರೆಂಟು, ಅಷ್ಟ್ರಾಗ ಎಲ್ಲಾ ನೀರು ಒಂದ್ ಸಲ ಫಿಲ್ಟರ್ ಹಾಯತೈತಿ. ಫಿಲ್ಟರಿನ ಒತ್ತಡ ತೋರಿಸೋ ಗೇಜ್ ಮ್ಯಾಲ ಸ್ವಚ್ಛ ಇದ್ದಾಗಿಂದಕ್ಕಿಂತ 8-10 ಪಿಎಸ್‌ಐ ಏರಿತಂದ್ರ ಬ್ಯಾಕ್‌ವಾಶ್ ಮಾಡ್ರಿ, ಅಂದ್ರ ನೀರು ಉಲ್ಟಾ ಹಾಯಿಸಿ ಫಿಲ್ಟರ್ ತೊಳೀರಿ. ರೈಸ್ ಮಿಲ್ ಬೂದಿ ಹಾರಿ ಬರೋ ಕಡಿ ಇದ್ರ ಪದೇ ಪದೇ ಮಾಡ್ಬೇಕಾಗತೈತಿ.

ಈಗ ನಿಮ್ಮ ಚಳಿಗಾಲದ ಪ್ರಶ್ನಿಗೆ ಬರ್ತೀನಿ. ನವೆಂಬರ್ ಕೊನಿಗೆ ಯಾರೂ ಇಳಿಯಂಗಿಲ್ಲ ಅನ್ನೋವಾಗ ಗೋಡಿ ತಿಕ್ಕಿ, ವ್ಯಾಕ್ಯೂಮ್ ಹೊಡದು, ಸಂಜಿಕ ಕ್ಲೋರಿನ್ 10 ಪಿಪಿಎಂ ತನಕ ಏರಿಸಿ ರಾತ್ರಿ ಪೂರ್ತಿ ಪಂಪ್ ಓಡಿಸ್ರಿ. ಥಂಡಿ ನೀರಿನಾಗ ಪಾಚಿ ಸಾವಕಾಶ ಬೆಳೀತೈತಿ, ಬಿಸಿಲೂ ಮೆತ್ತಗ ಇರತೈತಿ, ಹಂಗಾಗಿ ಆಮ್ಯಾಲ ದಿನಕ್ಕ ಎರಡು ಮೂರು ತಾಸು ಪಂಪು, ವಾರಕ್ಕೊಮ್ಮೆ ಟೆಸ್ಟ್, ಕ್ಲೋರಿನ್ 1ಕ್ಕಿಂತ ಕೆಳಗ ಹೋಗದಂಗ ನೋಡಿಕೊಂಡ್ರ ಸಾಕು. ಫೆಬ್ರವರ್ಯಾಗ ಬಿಸಿಲು ಏರಿದಂಗ ಏರಿದಂಗ ತಾಸು ಹೆಚ್ಚಸ್ತಾ ಹೋಗ್ರಿ. ಪೂರ್ತಿ ಬಂದ್ ಮಾಡಿ ಬಿಟ್ಟುಬಿಟ್ರ ಏನಾಗತೈತಿ ಅಂದ್ರ ಸೊಳ್ಳಿ, ನಿಂತ ನೀರಾಗ ಮೊಟ್ಟಿಯಿಂದ ಸೊಳ್ಳಿ ಆಗಾಕ ಒಂದು ವಾರ ಹತ್ತು ದಿನ ಸಾಕು, ನಿಮ್ಮ ಮನಿಗೆ ಅಷ್ಟೇ ಅಲ್ಲ ಓಣಿಗೆಲ್ಲಾ ಜ್ವರ. ಗಪ್ಪಿ ಮೀನು ಬಿಡ್ತೀನಿ ಅಂತೀರೇನೋ, ಕ್ಲೋರಿನ್ ನೀರಾಗ ಅವು ಬದಕಂಗಿಲ್ಲ.

ಕವರ್ ಹಾಕೋದು ಚಲೋ, ಧೂಳು ಎಲಿ ಆವಿ ಮೂರೂ ತಪ್ಪತಾವ, ಆದ್ರ ನೀರಿನ ಮ್ಯಾಲ ತೇಲೋ ಹಾಳಿ ಹಾಕಿದ್ರ ಮಕ್ಕಳು ಅದನ್ನ ನೆಲ ಅಂತ ತಿಳದು ಕಾಲಿಡ್ತಾರ, ಸಿಕ್ಕೊಂಡ್ರ ಮ್ಯಾಲಿಂದ ಕಾಣಂಗೂ ಇಲ್ಲ. ಹಂಗಾಗಿ ನಾಕೂ ಕಡಿ ಬಿಗಿಯಾಗಿ ಕಟ್ಟೋ, ಭಾರ ತಡಿಯೋ ಕವರ್ ತಗೋರಿ, ಇಲ್ಲಾ ಬ್ಯಾಡ. ನಾಕು ಅಡಿ ಜಾಲಿ ಬೇಲಿ, ತಾನಾ ಮುಚ್ಚಿಕೊಳ್ಳೋ ಗೇಟು, ಇದಕ್ಕ ರೊಕ್ಕ ಉಳಸಾಕ ಹೋಗಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಹಂಗೇ ಲೈಟು 12 ವೋಲ್ಟಿಂದೇ ಇರ್ಲಿ, ಪಂಪಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದ್ರ ತಾನಾ ಲೈನ್ ಕಡಿಯೋ ಸ್ವಿಚ್) ಮತ್ತ ಸರಿಯಾದ ಅರ್ಥಿಂಗ್, ತಳದಾಗ ಒಂದರ ಬದಲಿ ದೂರ ದೂರ ಎರಡು ಡ್ರೈನ್, ಒಂದೇ ಇದ್ರ ಅದರ ಎಳೆತಕ್ಕ ಮಗುವಿನ ಕೂದಲು, ಕೈ ಸಿಕ್ಕೊಳ್ಳತೈತಿ.

ಬ್ಯಾಸಗ್ಯಾಗ ಬಬಲ್ ಕವರ್ ಹಾಕಬ್ಯಾಡ್ರಿ, ನೀರು ಕಾದು ಇಳಿಯಾಕ ಬರದಂಗ ಆಗತೈತಿ, ಅದರ ಬದಲಿ ಮ್ಯಾಲ ಎತ್ತರಕ್ಕ ಹಸರು ಶೇಡ್ ನೆಟ್ ಕಟ್ರಿ, ನೆರಳೂ ಆತು, ಆವಿನೂ ಕಮ್ಮಿ. ನೀರು ಜಾಸ್ತಿ ಇಳ್ಯಾಕ ಹತ್ತಿದ್ರ ಸೋರಿಕಿನೋ ಆವಿನೋ ಅಂತ ನೋಡಾಕ ಬಕೇಟಿಗೆ ಪೂಲ್ ನೀರು ತುಂಬಿ ಮೆಟ್ಟಿಲ ಮ್ಯಾಲ ಇಟ್ಟು, ಒಳಗಿನ ಹೊರಗಿನ ಮಟ್ಟಕ್ಕ ಗುರ್ತು ಹಾಕ್ರಿ, ಮರುದಿನ ಪೂಲಿನ ನೀರು ಬಕೇಟಿಗಿಂತ ಜಾಸ್ತಿ ಇಳದಿದ್ರ ಎಲ್ಲೋ ಸೋರಾಕತ್ತೈತಿ, ಎರಿ ಮಣ್ಣಿನಾಗ ಸೋರಿಕಿ ಬಿಟ್ರ ಆ ಕಡಿ ಉಬ್ಬಿ ಗೋಡಿಗೆ ಒತ್ತತೈತಿ, ಅವತ್ತೇ ಹುಡುಕಿಸ್ರಿ.

ಗುಂಡಿ ತೋಡೋಕಿಂತ ಮೊದ್ಲು ಬೋರಿನ ನೀರು ಲ್ಯಾಬಿಗೆ ಕೊಟ್ಟು ಹಾರ್ಡ್‌ನೆಸ್, ಟಿಡಿಎಸ್ (ನೀರಿನಾಗ ಕರಗಿರೋ ಒಟ್ಟು ಉಪ್ಪು), ಕಬ್ಬಿಣ ಮೂರೂ ಬರಸಿಕೊಂಡು ಬರ್ರಿ, ಜೊತಿಗೆ ಆಗಸ್ಟ್ ಸೆಪ್ಟೆಂಬರದಾಗ ನಿಮ್ಮ ಜಾಗದಾಗ ಎಷ್ಟು ಅಡಿಗೆ ನೀರು ಒಸರತೈತಿ ಅಂತ ಪಕ್ಕದ ಮನಿ ಕಟ್ಟಿಸಿದವರನ್ನ ಕೇಳ್ರಿ. ಆ ನಾಕು ನಂಬರ್ ಇಲ್ಲೇ ಕೆಳಗ ಹಾಕಿದ್ರ ತಳದ ದಪ್ಪ ಎಷ್ಟು ಬೇಕು, ಯಾವ ಕ್ಲೋರಿನ್ ನಿಮಗ ಹೊಂದತೈತಿ ಅಂತ ಲೆಕ್ಕ ಹಾಕಿ ಹೇಳ್ತೀನಿ.